ಪೋಸ್ಟರ್ ಹಾಕೋದಾ, ಮಾತಾಡೋದಾ, ಊರಿಗೆ ಹೋಗಿ ಹೇಳೋದಾ?

ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್ (ಸಂಶೋಧನೆಯ ಚುಟುಕು ಸಾರಾಂಶ) ಕಳಿಸುವ ಫಾರ್ಮಿನ ಕೊನೆಯಲ್ಲಿ ಎರಡು ಚೌಕ ಇರುತ್ತವೆ. ಒಂದು ಓರಲ್, ಅಂದರೆ ವೇದಿಕೆಯ ಮೇಲೆ ಭಾಷಣ. ಇನ್ನೊಂದು ಪೋಸ್ಟರ್, ಅಂದರೆ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ಹಾಕಿ, ಪಕ್ಕದಲ್ಲಿ ನಿಂತು ಹೇಳುವುದು. ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು. ಬಹಳಷ್ಟು ಹುಡುಗ ಹುಡುಗಿಯರು ಇದನ್ನು ಎರಡು ಸೆಕೆಂಡಿನಲ್ಲಿ ಮುಗಿಸಿಬಿಡುತ್ತಾರೆ. ಇಂಗ್ಲಿಷ್ ಸರಾಗವಾಗಿ ಬರುತ್ತಾ? ಓರಲ್. ಇಂಗ್ಲಿಷ್ ಅಂದರೆ ಎದೆ ಡವಡವ ಅನ್ನುತ್ತಾ? ಪೋಸ್ಟರ್. ಎರಡು ವರ್ಷ ಹೊಲದಲ್ಲೋ ಲ್ಯಾಬಿನಲ್ಲೋ ದುಡಿದ ಕೆಲಸ ಜನರ ಮುಂದೆ ಹೇಗೆ ಹೋಗಬೇಕು ಅನ್ನೋದು ಹೀಗೆ ತೀರ್ಮಾನ ಆಗಬಾರದು.

ನಾನು ಓದಿದ್ದು ಧಾರವಾಡದಲ್ಲಿ. ಕೆಲವು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಸಪ್ತಾಪುರದಲ್ಲಿ ಕೂತು ಜೂನಿಯರ್‌ಗಳ ಪೋಸ್ಟರು, ಸ್ಲೈಡು ನೋಡಿ ತಿದ್ದಿಕೊಡುತ್ತೇನೆ. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜು, ಎಲ್ಲ ಕಡೆಯಿಂದಲೂ ಬರುತ್ತಾರೆ. ತುಂಬಾ ಜನ ಹಾವೇರಿ, ಗದಗ ಕಡೆಯ ಹಳ್ಳಿಯವರು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ತಮ್ಮ ಕೆಲಸ ಅವರಿಗೆ ಬೆರಳ ತುದಿಯಲ್ಲಿರುತ್ತದೆ. ಅದನ್ನು ಹೊರಗೆ ಹೇಳುವ ದಾರಿ ಆರಿಸುವಾಗ ಮಾತ್ರ ಎಡವುತ್ತಾರೆ. ಅವರಿಗಾಗಿ ಈ ಬರಹ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಮ್ಮೇಳನ ಆದರೆ ಪೋಸ್ಟರ್ ಆರಿಸಿ. ಆದರೆ ಭಯದಿಂದ ಆರಿಸಬೇಡಿ. ಪೋಸ್ಟರ್ ನಿಮಗೆ ವಾಪಸ್ ಕೊಡುವುದು ಜಾಸ್ತಿ, ಅದಕ್ಕಾಗಿ ಆರಿಸಿ. ಮತ್ತೆ, ಪೋಸ್ಟರ್ ಆಗಲಿ ಭಾಷಣ ಆಗಲಿ, ಅದನ್ನು ಮಾಡುವ ಮೊದಲು ಇಡೀ ಕೆಲಸವನ್ನು ಒಮ್ಮೆ ಕನ್ನಡದಲ್ಲಿ, ಆ ವಿಷಯ ಓದದ ಒಬ್ಬರಿಗೆ ಹೇಳಿ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಉದಾಹರಣೆ ಕೈಯಲ್ಲಿ ಹಿಡಿದುಕೊಳ್ಳೋಣ. ನಿಮ್ಮ ಸಂಶೋಧನೆ ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಬಗ್ಗೆ ಅಂದುಕೊಳ್ಳಿ. ಅಂಗಳದಲ್ಲಿ ಬಿಸಿಲಿಗೆ ಹರಡಿ ಒಣಗಿಸಿದ ಕಾಯಿ ಒಂದು ಕಡೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಸೋಲಾರ್ ಗೂಡಿನಲ್ಲಿ ಒಣಗಿಸಿದ ಕಾಯಿ ಇನ್ನೊಂದು ಕಡೆ. ಯಾವುದರಲ್ಲಿ ಬಣ್ಣ ಚೆನ್ನಾಗಿ ಉಳಿಯಿತು ಅನ್ನುವುದು ಪ್ರಶ್ನೆ. ಬ್ಯಾಡಗಿ ಕಾಯಿ ಹೆಸರುವಾಸಿ ಆಗಿದ್ದೇ ಬಣ್ಣದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ, ಅಂದರೆ ಇದು ಈ ಸೀಮೆಯದೇ ವಿಶೇಷ ಅನ್ನುವ ಮಾನ್ಯತೆಯೂ ಸಿಕ್ಕಿತು. ಆ ಕೆಂಪಿನ ದೊಡ್ಡ ಪಾಲು ಕ್ಯಾಪ್ಸಾಂಥಿನ್ ಅನ್ನುವ ವರ್ಣದ್ರವ್ಯದ್ದು. ಲ್ಯಾಬಿನಲ್ಲಿ ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ದ್ರಾವಣ 460 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರಿಕೊಳ್ಳುತ್ತದೆ ಅಂತ ಅಳೆದು, ಆಸ್ಟಾ ಅನ್ನುವ ಯೂನಿಟ್ಟಿನಲ್ಲಿ ಬಣ್ಣ ಹೇಳುತ್ತಾರೆ. ನಂಬರ್ ಜಾಸ್ತಿ ಆದಷ್ಟೂ ಬಣ್ಣ ಜಾಸ್ತಿ. ನಿಮ್ಮ ಫಲಿತಾಂಶ ಗೂಡಿನ ಪರವಾಗಿ ಬಂತು ಅಂತಲೇ ಇಟ್ಟುಕೊಳ್ಳೋಣ.

ಪೋಸ್ಟರ್: ಒಬ್ಬೊಬ್ಬರ ಜೊತೆ ಮಾತು

ಪೋಸ್ಟರ್ ಅಂದರೆ ಗೋಡೆಗೆ ಅಂಟಿಸಿದ ಥೀಸಿಸ್ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಾಗಿ ಅಬ್‌ಸ್ಟ್ರಾಕ್ಟು, ಮುನ್ನುಡಿ, ವಿಧಾನ, ಏಳು ಟೇಬಲ್ಲು, ಹದಿನೆಂಟು ರೆಫರೆನ್ಸು ಎಲ್ಲ ತುಂಬುತ್ತಾರೆ. ಯಾರೂ ಓದುವುದಿಲ್ಲ. ಓದಲಿ ಅಂತ ನಿರೀಕ್ಷಿಸುವುದೂ ಸರಿಯಲ್ಲ, ಅಲ್ವಾ? ಒಂದೇ ಹಾಲಿನಲ್ಲಿ ಐವತ್ತು ಪೋಸ್ಟರ್ ಇರುತ್ತವೆ. ಜನ ಕೈಯಲ್ಲಿ ಚಹಾ ಹಿಡಿದು ನಡೆಯುತ್ತಾ ಬರುತ್ತಾರೆ. ನಿಮ್ಮ ಮುಂದೆ ನಿಲ್ಲಬೇಕಾ ಬೇಡವಾ ಅಂತ ನಾಲ್ಕು ಹೆಜ್ಜೆಯೊಳಗೆ ತೀರ್ಮಾನಿಸುತ್ತಾರೆ.

ನಿಂತರೆ ಮಾತ್ರ ಅದರಷ್ಟು ಒಳ್ಳೆಯ ಅವಕಾಶ ಬೇರೆ ಇಲ್ಲ. ಹತ್ತು ನಿಮಿಷದ ಭಾಷಣಕ್ಕೆ ಎರಡು ಪ್ರಶ್ನೆ ಬಂದರೆ ಜಾಸ್ತಿ. ಪೋಸ್ಟರ್ ಮುಂದೆ ಒಂದು ಗಂಟೆ ನಿಂತರೆ ಹತ್ತಾರು ಜನ ಕೇಳುತ್ತಾರೆ. ಮೊದಲನೆಯವರಿಗೆ ತಡವರಿಸಿ ಹೇಳಿದ್ದನ್ನು ಐದನೆಯವರಿಗೆ ಸಲೀಸಾಗಿ ಹೇಳುತ್ತೀರಿ. ಎದುರಿಗಿರುವವರು ಕನ್ನಡದವರಾದರೆ ಕನ್ನಡದಲ್ಲೇ ಹೇಳಬಹುದು. ಒಬ್ಬರಿಗೆ ಸಂಖ್ಯಾಶಾಸ್ತ್ರ ಬೇಕು, ಇನ್ನೊಬ್ಬರಿಗೆ ಗೂಡು ಕಟ್ಟಿದ್ದು ಹೇಗೆ ಅಂತ ಬೇಕು. ಇಬ್ಬರಿಗೂ ಅವರಿಗೆ ಬೇಕಾದಷ್ಟೇ ಕೊಡಬಹುದು. ಭಾಷಣದಲ್ಲಿ ಇದು ಆಗುವುದಿಲ್ಲ.

ಹೆಡ್ಡಿಂಗಿನಿಂದ ಶುರು ಮಾಡಿ. 'ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ ಒಣಗಿಸುವ ವಿಧಾನಗಳ ಪರಿಣಾಮದ ಅಧ್ಯಯನ' ಅಂತ ಬರೆದರೆ ಏನು ಕಂಡುಬಂತು ಅಂತ ಗೊತ್ತೇ ಆಗುವುದಿಲ್ಲ. 'ಸೋಲಾರ್ ಗೂಡಿನಲ್ಲಿ ಒಣಗಿಸಿದ ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು ಉಳಿಯಿತು' ಅಂತ ಬರೆಯಿರಿ. ನಡೆಯುತ್ತಾ ಹೋಗುವವರಿಗೂ ವಿಷಯ ತಲುಪಿತು. ಇದನ್ನೇ ಇನ್ನೂ ಮುಂದಕ್ಕೆ ಒಯ್ದವರು ಅಮೆರಿಕದ ಸಂಶೋಧಕ ಮೈಕ್ ಮಾರಿಸನ್. ಪೋಸ್ಟರಿನ ನಡುವಿನಲ್ಲಿ ಮುಖ್ಯ ಫಲಿತಾಂಶವನ್ನು ದೊಡ್ಡ ಅಕ್ಷರದ ಒಂದೇ ವಾಕ್ಯದಲ್ಲಿ ಬರೆದು, ವಿವರವನ್ನೆಲ್ಲ ಪಕ್ಕಕ್ಕೆ ಸರಿಸುವ ವಿನ್ಯಾಸವನ್ನು 2019ರಲ್ಲಿ ಪ್ರಚಾರಕ್ಕೆ ತಂದರು. ನನಗೆ ಆ ಯೋಚನೆ ಇಷ್ಟ. ಆದರೆ ನಡುವೆ ಬರೀ ವಾಕ್ಯ ಇಟ್ಟರೆ ಪ್ರಶ್ನೆ ಕೇಳುವವರಿಗೆ ತೋರಿಸಲು ಏನೂ ಇರುವುದಿಲ್ಲ. ವಾಕ್ಯದ ಕೆಳಗೆ ಒಂದೇ ಒಂದು ಒಳ್ಳೆಯ ಗ್ರಾಫ್ ಇಡಿ. ಆಮೇಲೆ ಎರಡು ಫೋಟೋ, ಅಂಗಳದ ಕಾಯಿ ಮತ್ತು ಗೂಡಿನ ಕಾಯಿ ಅಕ್ಕಪಕ್ಕ. ಆ ಫೋಟೋ ಎರಡನ್ನೂ ಒಂದೇ ಬೆಳಕಿನಲ್ಲಿ, ಒಂದೇ ಹೊತ್ತಿನಲ್ಲಿ ತೆಗೆದಿರಬೇಕು. ಇಲ್ಲದಿದ್ದರೆ ಬಣ್ಣದ ಬಗ್ಗೆ ಮಾತಾಡುವ ಪೋಸ್ಟರ್ ಬಣ್ಣದ ವಿಷಯದಲ್ಲೇ ಸುಳ್ಳು ಹೇಳಿದಂತೆ.

ಅಳತೆ ಸಾಮಾನ್ಯವಾಗಿ ಎ-0 ಕೇಳುತ್ತಾರೆ, ಅಂದರೆ 841 × 1189 ಮಿಲಿಮೀಟರ್. ಆದರೆ ಬೋರ್ಡು ನಿಂತಿದೆಯಾ ಅಡ್ಡ ಇದೆಯಾ ಅಂತ ಮೊದಲು ಕೇಳಿಕೊಳ್ಳಿ. ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿದರೆ ಟ್ಯೂಬ್‌ಲೈಟಿನ ಬೆಳಕು ಹೊಳೆದು ಒಂದು ಮೂಲೆ ಓದಲಾಗುವುದಿಲ್ಲ. ಬಟ್ಟೆಯ ಮೇಲೆ ಹಾಕಿಸಿದರೆ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಹಾವೇರಿ ಬಸ್ಸು ಹತ್ತಬಹುದು. ಕಾಗದ ಚೆನ್ನಾಗಿ ಕಾಣುತ್ತದೆ, ಆದರೆ ಮಳೆಗಾಲದಲ್ಲಿ ಕೊಳವೆಯಲ್ಲಿ ಸುತ್ತಿಟ್ಟುಕೊಂಡು ತಿರುಗುವುದು ಕಷ್ಟ.

ಕನ್ನಡದಲ್ಲಿ ಪೋಸ್ಟರ್ ಮಾಡುವವರು ಈ ಮಾತನ್ನು ದಯವಿಟ್ಟು ಗಮನಿಸಿ. ನಾನು ಒಮ್ಮೆ ಪೋಸ್ಟರಿನ ಫೈಲನ್ನು ಪಿಡಿಎಫ್ ಮಾಡದೆ, ತಿದ್ದಬಹುದಾದ ರೂಪದಲ್ಲೇ ಪ್ರಿಂಟಿನ ಅಂಗಡಿಗೆ ಕೊಟ್ಟು ಬಂದೆ. ಸಂಜೆ ಹೋಗಿ ನೋಡಿದರೆ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ನಿಂತಿದ್ದವು. 'ಕ್ಷ' ಅನ್ನುವುದು ಕ, ಹಲಂತದ ಗುರುತು, ಷ ಅಂತ ಮೂರು ತುಂಡಾಗಿತ್ತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸಮ್ಮೇಳನ. ಆ ಪೋಸ್ಟರನ್ನೇ ಹಾಕಬೇಕಾಯಿತು. ಬಂದವರೆಲ್ಲ ಅಕ್ಷರವನ್ನೇ ನೋಡಿದರು, ಕೆಲಸವನ್ನು ನೋಡಲಿಲ್ಲ. ಆವತ್ತಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಹಾಗಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅಂಗಡಿಗೆ ಪಿಡಿಎಫ್ ಮಾತ್ರ ಕೊಡಿ, ಅದರಲ್ಲಿ ಫಾಂಟ್ ಎಂಬೆಡ್ ಆಗಿರಲಿ, ಅಂದರೆ ಫೈಲಿನೊಳಗೇ ಸೇರಿರಲಿ. ಪ್ರಿಂಟ್ ಒತ್ತುವ ಮೊದಲು ಅಂಗಡಿಯ ಪರದೆಯ ಮೇಲೆ 'ಸಂಶೋಧನಾ ಕ್ಷೇತ್ರ', 'ರಾಷ್ಟ್ರೀಯ' ಅನ್ನುವಂಥ ಪದ ಹುಡುಕಿ ನೀವೇ ಕಣ್ಣಾರೆ ನೋಡಿ. ಇನ್ನೊಂದು, ಕನ್ನಡ ಸಾಲಿನ ಕೆಳಗೆ ಒತ್ತಕ್ಷರಕ್ಕೆ ಜಾಗ ಬೇಕು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಸ್ವಲ್ಪ ಜಾಸ್ತಿ ಇಡಿ.

ಓರಲ್: ಹತ್ತು ನಿಮಿಷ, ಹಿಂದಕ್ಕೆ ಹೋಗಲು ಆಗದ ದಾರಿ

ಭಾಷಣದ ಶಕ್ತಿ ಬೇರೆ. ಇಡೀ ಹಾಲು ಒಂದೇ ಸಲ ನಿಮ್ಮ ಕಡೆ ನೋಡುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ನಿಮ್ಮ ಕೈಯಲ್ಲಿ. ಹಂತ ಹಂತವಾಗಿ ಬೆಳೆಯುವ ಕೆಲಸ, ಅಂದರೆ ಮೊದಲ ಪ್ರಯೋಗದಲ್ಲಿ ಹೀಗಾಯಿತು, ಅದಕ್ಕೆ ಎರಡನೆಯದು ಮಾಡಿದೆವು, ಅಲ್ಲಿ ಅಂದುಕೊಂಡದ್ದು ತಲೆಕೆಳಗಾಯಿತು ಅನ್ನುವಂಥದ್ದು, ಭಾಷಣದಲ್ಲಿ ಅರಳುತ್ತದೆ. ಪೋಸ್ಟರಿನಲ್ಲಿ ಅದು ನಾಲ್ಕು ಡಬ್ಬಿಗಳಾಗಿ ಸಾಯುತ್ತದೆ. ಪಿಎಚ್‌ಡಿ ಎರಡನೇ ವರ್ಷ ದಾಟಿದವರು, ಒಂದಕ್ಕಿಂತ ಹೆಚ್ಚು ಪ್ರಯೋಗದ ಸರಣಿ ಇರುವವರು ಓರಲ್ ಕೇಳಲೇಬೇಕು.

ಅದರ ತೊಂದರೆ ಏನಂದರೆ ಕೇಳುವವರು ನಿಮ್ಮನ್ನು ನಿಲ್ಲಿಸಲಾರರು. ಓದುವಾಗ ಅರ್ಥವಾಗದಿದ್ದರೆ ಮತ್ತೆ ಹಿಂದಿನ ಸಾಲಿಗೆ ಹೋಗಬಹುದು. ಭಾಷಣದಲ್ಲಿ ಮೂರನೇ ನಿಮಿಷದಲ್ಲಿ ಕೈತಪ್ಪಿದವರು ಕೊನೆಯವರೆಗೂ ಮೊಬೈಲ್ ನೋಡುತ್ತಾ ಕೂರುತ್ತಾರೆ. ಇದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಟಿ-1, ಟಿ-2, ಟಿ-3. ಹೊಲದ ಪ್ರಯೋಗ ಮಾಡುವವರೆಲ್ಲ ಟ್ರೀಟ್‌ಮೆಂಟುಗಳಿಗೆ (ಅಂದರೆ ಹೋಲಿಸಿ ನೋಡುವ ಬೇರೆ ಬೇರೆ ವಿಧಾನಗಳಿಗೆ) ಹೀಗೆ ನಂಬರ್ ಕೊಡುತ್ತಾರೆ. ಥೀಸಿಸ್‌ನಲ್ಲಿ ಅದು ಸರಿ. ಭಾಷಣದಲ್ಲಿ 'ಟಿ-5 ಟಿ-2ಗಿಂತ ಉತ್ತಮ' ಅಂದರೆ ಕೇಳುವವರ ತಲೆಯಲ್ಲಿ ಏನೂ ಮೂಡುವುದಿಲ್ಲ. 'ಗೂಡಿನ ಕಾಯಿ', 'ಅಂಗಳದ ಕಾಯಿ' ಅಂತ ಹೆಸರಿಡಿ. ಹೆಸರಿಗೆ ಎಷ್ಟು ಶಕ್ತಿ ಇದೆ ಅಂತ ಧಾರವಾಡದ ಹತ್ತಿಯನ್ನು ಕೇಳಬೇಕು. 1972ರಲ್ಲಿ ಇಲ್ಲಿ ಡಾ. ಕಟಾರ್ಕಿಯವರು ರೂಪಿಸಿದ ಹೈಬ್ರಿಡ್ ಹತ್ತಿಗೆ ವರಲಕ್ಷ್ಮಿ ಅಂತ ಹೆಸರಿತ್ತು. 1981ರ ಡಿಸಿಎಚ್-32, ಅಂದರೆ ಧಾರವಾಡ ಕಾಟನ್ ಹೈಬ್ರಿಡ್, ಜಯಲಕ್ಷ್ಮಿ ಆಯಿತು. ಬಾಯಲ್ಲಿ ಸುಲಭವಾಗಿ ನಿಲ್ಲುವ ಹೆಸರು ಹೊಲದಿಂದ ಹೊಲಕ್ಕೂ ಸುಲಭವಾಗಿ ಹೋಗುತ್ತದೆ.

ಹತ್ತು ನಿಮಿಷಕ್ಕೆ ಎಂಟು ಸ್ಲೈಡ್ ಸಾಕು. ಉಳಿದ ವಿವರವನ್ನು ಕೊನೆಯ ಧನ್ಯವಾದದ ಸ್ಲೈಡಿನ ಆಚೆ ಬಚ್ಚಿಟ್ಟುಕೊಳ್ಳಿ. ಯಾರಾದರೂ ಕೇಳಿದರೆ ತೆಗೆದು ತೋರಿಸಬಹುದು.

ಇಂಗ್ಲಿಷಿನ ಭಯದ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಭಾನುವಾರ ಬರುವವರು ಮೊದಲು ಹೇಳುವುದೇ ಅದನ್ನು. ಪ್ರಾಣಿಶಾಸ್ತ್ರದ ಒಬ್ಬ ಹುಡುಗಿ ಬಂದಿದ್ದಳು. ಗದಗ ಜಿಲ್ಲೆಯ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಯ ಹಕ್ಕಿಗಳ ಮೇಲೆ ಅವಳ ಕೆಲಸ. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅವಳು ಸ್ಲೈಡ್ ತೆರೆದು ಇಂಗ್ಲಿಷಿನಲ್ಲಿ ಓದತೊಡಗಿದಳು. ಮೊದಲ ಸ್ಲೈಡಿನಲ್ಲಿ ಅಕ್ಷಾಂಶ ರೇಖಾಂಶ. ಎರಡನೆಯದರಲ್ಲಿ ಹಕ್ಕಿಗಳಲ್ಲಿ ಎಷ್ಟು ವೈವಿಧ್ಯ ಇದೆ ಅಂತ ಅಳೆಯುವ ಶಾನನ್ ಸೂಚ್ಯಂಕದ ಸೂತ್ರ. ಧ್ವನಿ ನಡುಗುತ್ತಿತ್ತು. ನಾಲ್ಕನೇ ಸ್ಲೈಡಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿತು.

ಲ್ಯಾಪ್‌ಟಾಪ್ ಮುಚ್ಚು ಅಂದೆ. ಬೆಳಿಗ್ಗೆ ಕೆರೆಗೆ ಹೋದಾಗ ಏನು ಕಾಣುತ್ತೆ ಹೇಳು, ಕನ್ನಡದಲ್ಲಿ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೈ ಎತ್ತಿ, ಹೀಗೆ ಒಂದು ಗುಂಪು ಏಳುತ್ತೆ ಸರ್ ಅಂದಳು. ಹೊತ್ತು ಹುಟ್ಟುವಾಗ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಬಿಸಿಲೇರಿದ ಮೇಲೆ ವಾಪಸ್ ಬಂದು ನೀರಿನಲ್ಲಿ ಕೂರುತ್ತವೆ. ಹಾಗಾಗಿ ಎಷ್ಟು ಹೊತ್ತಿಗೆ ಎಣಿಸುತ್ತೀರಿ ಅನ್ನುವುದರ ಮೇಲೆ ಲೆಕ್ಕವೇ ಬದಲಾಗುತ್ತದೆ. ಅದಕ್ಕೇ ಅವಳು ಹೊತ್ತು ಹುಟ್ಟುವ ಮೊದಲೇ ಹೋಗಿ ಕೂತು ಎಣಿಸುತ್ತಿದ್ದಳು. ನಾಲ್ಕು ನಿಮಿಷದಲ್ಲಿ ಇಡೀ ಕೆಲಸ ಹೇಳಿ ಮುಗಿಸಿದಳು. ಒಂದು ಪದಕ್ಕೂ ತಡವರಿಸಲಿಲ್ಲ.

ಆ ನಾಲ್ಕು ನಿಮಿಷವನ್ನು ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನು ಕೇಳಿಸಿಕೊಳ್ಳುತ್ತಾ ಸ್ಲೈಡುಗಳನ್ನು ಮತ್ತೆ ಜೋಡಿಸಿದೆವು. ಮೊದಲ ಸ್ಲೈಡು ಬೆಳಗಿನ ಕೆರೆಯ ಫೋಟೋ. ಎರಡನೆಯದು ಗಂಟೆಗೆ ಎಷ್ಟು ಹಕ್ಕಿ ಅನ್ನುವ ಗ್ರಾಫ್. ಶಾನನ್ ಸೂಚ್ಯಂಕ ಧನ್ಯವಾದದ ಆಚೆ ಹೋಯಿತು. ಆಮೇಲೆ ಇಂಗ್ಲಿಷ್. ಅವಳು ಹೇಳಿದ ಒಂದೊಂದು ಕನ್ನಡ ವಾಕ್ಯಕ್ಕೆ ಒಂದೊಂದು ಸಣ್ಣ ಇಂಗ್ಲಿಷ್ ವಾಕ್ಯ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ. ನಡುವಿನದು ಗ್ರಾಫ್ ನೋಡಿಕೊಂಡು ಹೇಳುವುದು. ಪೂರ್ತಿ ಬಾಯಿಪಾಠ ಮಾಡಿದರೆ ಒಂದು ಪದ ಮರೆತಾಗ ಎಲ್ಲವೂ ಮರೆಯುತ್ತದೆ. ಕನ್ನಡದಲ್ಲಿ ಮೊದಲು ಹೇಳಿ ಅಂತ ನಾನು ಹಟ ಹಿಡಿಯುವುದು ಇದಕ್ಕೆ. ನಿಮ್ಮ ಕೆಲಸದಲ್ಲಿ ಯಾವುದು ಮುಖ್ಯ ಅಂತ ನಿಮ್ಮ ಮಾತಿಗೆ ಗೊತ್ತಿರುತ್ತದೆ.

ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ನಾನು ಅಳೆದಿಲ್ಲ ಅನ್ನಿ. ತಜ್ಞರು ಅದನ್ನು ಗೌರವಿಸುತ್ತಾರೆ. ಊಹಿಸಿ ಹೇಳಿದ್ದನ್ನು ಅವರು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ.

ಸ್ಲೈಡಿಗೆ ಪವರ್‌ಪಾಯಿಂಟಾ ಲೇಟೆಕ್ಸಾ ಅಂತಲೂ ಕೇಳುತ್ತಾರೆ. ಸೂತ್ರಗಳೇ ತುಂಬಿರುವ ಗಣಿತ, ಭೌತಶಾಸ್ತ್ರದವರಿಗೆ ಲೇಟೆಕ್ಸ್, ಅಂದರೆ ಕೋಡ್ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್, ಒಳ್ಳೆಯದು. ಫೋಟೋ ಜಾಸ್ತಿ ಇದ್ದರೆ ಪವರ್‌ಪಾಯಿಂಟ್ ಸಾಕು. ಲೇಟೆಕ್ಸಿನಲ್ಲಿ ಕನ್ನಡ ಬೇಕಾದರೆ ಅದರ ಯೂನಿಕೋಡ್ ರೂಪಗಳಾದ ಝೀಲೇಟೆಕ್ಸ್ ಅಥವಾ ಲುವಾಲೇಟೆಕ್ಸ್ ಬಳಸಿ.

ಗ್ರಾಫ್ ಆರಿಸುವಾಗ

ಪೋಸ್ಟರ್ ಆಗಲಿ ಭಾಷಣ ಆಗಲಿ, ಕೊನೆಗೆ ಜನರ ಕಣ್ಣು ನಿಲ್ಲುವುದು ಗ್ರಾಫ್ ಮೇಲೆ. ಥೀಸಿಸ್‌ನ ಟೇಬಲ್ಲನ್ನು ಹಾಗೇ ಸ್ಲೈಡಿಗೆ ತರಬೇಡಿ. ಟೇಬಲ್ ಇರುವುದು ಸಾವಧಾನವಾಗಿ ಕೂತು ನಂಬರ್ ಹುಡುಕುವವರಿಗೆ.

ಪೈ ಚಾರ್ಟಾ ಬಾರ್ ಚಾರ್ಟಾ ಅಂದರೆ ನಾನು ಯೋಚಿಸದೆ ಬಾರ್ ಅನ್ನುತ್ತೇನೆ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಸಂಶೋಧಕರು 1984ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಒಂದೇ ಗೆರೆಯ ಮೇಲಿನ ಎತ್ತರವನ್ನು ನಮ್ಮ ಕಣ್ಣು ಚೆನ್ನಾಗಿ ಹೋಲಿಸುತ್ತದೆ, ಕೋನವನ್ನು ಹೋಲಿಸುವಾಗ ಎಡವುತ್ತದೆ. ಆದರೆ ಬಾರ್ ಹಾಕಿದರೆ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು. ಅಂಗಳದ ಕಾಯಿಗೆ 150 ಆಸ್ಟಾ, ಗೂಡಿನ ಕಾಯಿಗೆ 160 ಬಂತು ಅಂದುಕೊಳ್ಳಿ. ಅಕ್ಷವನ್ನು 145ರಿಂದ ಶುರು ಮಾಡಿದರೆ ಒಂದು ಕಂಬ ಇನ್ನೊಂದರ ಮೂರು ಪಟ್ಟು ಎತ್ತರ ಕಾಣುತ್ತದೆ. ನಿಜವಾದ ವ್ಯತ್ಯಾಸ ಇರುವುದು ಹದಿನೈದರಲ್ಲಿ ಒಂದು ಪಾಲು. ನೀವು ಬೇಕೆಂದು ಮಾಡದೆ ಇರಬಹುದು, ಸಾಫ್ಟ್‌ವೇರ್ ತಾನೇ ಹಾಗೆ ಮಾಡುತ್ತದೆ. ನೋಡುವವರಿಗೆ ಮಾತ್ರ ಮೋಸವಾಗುತ್ತದೆ.

ಕಂಬದ ಮೇಲಿನ ಸಣ್ಣ ಗೆರೆ ಎಸ್‌ಡಿಯಾ ಎಸ್‌ಇಯಾ ಅಂತ ಬರೆದೇ ಇರಬೇಕು. ಎಸ್‌ಡಿ ಅಂದರೆ ಅಳತೆಗಳು ಎಷ್ಟು ಚದುರಿವೆ ಅನ್ನುವುದು, ಎಸ್‌ಇ ಅಂದರೆ ಸರಾಸರಿಯನ್ನು ಎಷ್ಟು ನಂಬಬಹುದು ಅನ್ನುವುದು. ಒಂಬತ್ತು ಮಾದರಿ ಇದ್ದರೆ ಎಸ್‌ಇ ಅನ್ನುವುದು ಎಸ್‌ಡಿಯ ಮೂರನೇ ಒಂದು ಭಾಗ. ಬರೆಯದೆ ಬಿಟ್ಟರೆ ನಿಮ್ಮ ಅಳತೆ ಎಷ್ಟು ಚದುರಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ.

ಮೆಣಸಿನಕಾಯಿ ಅಂತ ಒಂದು ಗೆರೆಗೆ ಕೆಂಪು, ಇನ್ನೊಂದಕ್ಕೆ ಹಸಿರು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಇದ್ದಾರೆ. ಅದಕ್ಕೆ ಸಂಬಂಧಿಸಿದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡಸರಲ್ಲಿ ಇದು ಜಾಸ್ತಿ. ನೀಲಿ ಮತ್ತು ಕಿತ್ತಳೆ ಹಾಕಿ. ಒಂದು ಗೆರೆ ತುಂಡು ತುಂಡಾಗಿರಲಿ.

ಮೂರು ನಿಮಿಷದ ಸ್ಪರ್ಧೆ

2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಮೂರು ನಿಮಿಷದಲ್ಲಿ ಇಡೀ ಥೀಸಿಸ್ ಹೇಳುವ ಸ್ಪರ್ಧೆಯನ್ನು ಶುರು ಮಾಡಿತು. ಒಂದೇ ಸ್ಲೈಡು, ಅದರಲ್ಲಿ ಏನೂ ಅಲುಗಾಡಬಾರದು. ಕೈಯಲ್ಲಿ ವಸ್ತು ಹಿಡಿಯುವಂತಿಲ್ಲ. ಮೂರು ನಿಮಿಷ ದಾಟಿದರೆ ಸ್ಪರ್ಧೆಯಿಂದ ಹೊರಗೆ. ಈಗ ಬೇರೆ ಬೇರೆ ಕಡೆ ಇದೇ ಮಾದರಿಯ ಸ್ಪರ್ಧೆಗಳಿವೆ. ಇದನ್ನು ಸಮ್ಮೇಳನದ ಭಾಷಣಕ್ಕೆ ಬದಲಿ ಅಂದುಕೊಳ್ಳಬೇಡಿ. ವಿಧಾನ ಹೇಳಲು ಜಾಗವೇ ಇಲ್ಲ, ಹಾಗಾಗಿ ನಿಮ್ಮ ಕ್ಷೇತ್ರದವರಿಗೆ ಇದು ಸಾಲುವುದಿಲ್ಲ. ಆದರೆ ಭಾಷಣಕ್ಕೆ ಹದಿನೈದು ದಿನ ಮೊದಲು ಗೆಳೆಯರ ಮುಂದೆ ಇದನ್ನು ಮಾಡಿ ನೋಡಿದರೆ ಬೇಡದ್ದು ತಾನಾಗೇ ಉದುರುತ್ತದೆ. ಕನ್ನಡದಲ್ಲಿ ಮಾಡುವಾಗ ಪದ ಎಣಿಸಿ ಲೆಕ್ಕ ಹಾಕಬೇಡಿ. ನಮ್ಮ ಪದಗಳು ಉದ್ದ. 'ಒಣಗಿಸಿದ್ದರಿಂದ' ಅನ್ನುವ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರೋ ನಾಲ್ಕೋ ಪದ ಬೇಕು. ಗಡಿಯಾರ ಇಟ್ಟುಕೊಂಡೇ ಹೇಳಿ.

ಊರಿನವರ ಮುಂದೆ

ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಸರ್ಟಿಫಿಕೇಟ್ ಸಿಗುವುದಿಲ್ಲ, ಸಿ.ವಿ.ಯಲ್ಲಿ ಬರೆಯಲು ಒಂದು ಸಾಲೂ ಆಗುವುದಿಲ್ಲ ಅನ್ನುತ್ತಾರೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಕಠಿಣ ಪರೀಕ್ಷೆ.

ಧಾರವಾಡದ ಎತ್ತಿನಗುಡ್ಡದ ಆವರಣದಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೃಷಿ ಮೇಳ ನಡೆಯುತ್ತದಲ್ಲ, ಅಲ್ಲಿ ಒಂದು ಮಧ್ಯಾಹ್ನ ಇಂಥದ್ದೇ ಒಣಗಿಸುವ ಗೂಡಿನ ವಿಷಯ ಹೇಳುತ್ತಿದ್ದ ಜೂನಿಯರ್ ಪಕ್ಕ ನಿಂತಿದ್ದೆ. ಅವನು ಕ್ಯಾಪ್ಸಾಂಥಿನ್ ಅಂತ ಶುರು ಮಾಡಿದ. ಜನ ಮುಂದೆ ಹೋದರು. ಆಮೇಲೆ ಎರಡು ತಟ್ಟೆಯಲ್ಲಿ ಎರಡು ಥರದ ಕಾಯಿ ಇಟ್ಟ. ಒಬ್ಬ ಹಿರಿಯರು ನಿಂತರು. ಕಾಯಿ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೀಜ ಗಲಗಲ ಅಂದಿತು. ಒಣಗಿದೆ ಅಂತ ಅವರು ಒಪ್ಪಿಕೊಂಡಿದ್ದು ಆಗ. ಅವನು ತೇವಾಂಶ ಇಷ್ಟು ಶೇಕಡಾ ಅಂತ ಬೋರ್ಡಿನ ಮೇಲೆ ಬರೆದದ್ದನ್ನು ಅವರು ತಮ್ಮ ಕಿವಿಯಿಂದ ಅಳೆದಿದ್ದರು. ಆಮೇಲೆ ಪ್ರಶ್ನೆ ಬಂದವು.

"ಗೂಡಿಗೆ ಖರ್ಚು ಎಷ್ಟ ಬರ್ತೈತ್ರಿ?"

"ಮ್ವಾಡ ಬಿದ್ರ ಏನ್ ಮಾಡೋದ್ರಿ?"

"ಕೋಲ್ಡ್ ಸ್ಟೋರೇಜ್‌ನಾಗ ಆರು ತಿಂಗಳ ಇಟ್ರ ಈ ಬಣ್ಣಾ ಹಂಗ ಉಳಿತೈತೇನ್ರಿ?"

ಮೂರೂ ಒಳ್ಳೆಯ ಸಂಶೋಧನೆಯ ಪ್ರಶ್ನೆಗಳು. ಮೊದಲನೆಯದು ಅರ್ಥಶಾಸ್ತ್ರ. ಎರಡನೆಯದು ಪ್ರಯೋಗ ಮಾಡಿದ ಹವಾಮಾನದ ಮಿತಿ. ಮೂರನೆಯದು ಬೆಳಕು, ಗಾಳಿ, ತೇವ ತಗುಲಿದರೆ ಬಣ್ಣ ಕುಂದುವ ಬಗ್ಗೆ. ಅವನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಸಮ್ಮೇಳನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವನು ಆ ಸಂಜೆಯೇ ಮೂರನ್ನೂ ಬರೆದಿಟ್ಟುಕೊಂಡ. ಖರ್ಚಿನ ಲೆಕ್ಕ ಥೀಸಿಸ್‌ನಲ್ಲಿ ಒಂದು ಪುಟವಾಗಿ ಸೇರಿತು.

ರೈತರಿಗೆ ಹೇಳುವಾಗ ಒಂದು ಎಚ್ಚರ ಬೇಕು. ಒಂದು ಹಂಗಾಮಿನಲ್ಲಿ, ಒಂದು ಜಾಗದಲ್ಲಿ ಮಾಡಿದ ಪ್ರಯೋಗ ಆದರೆ ಅದನ್ನು ಹಾಗೇ ಹೇಳಿ. 'ಹೀಗೆ ಮಾಡಿ' ಅನ್ನಬೇಡಿ, 'ನಾವು ಮಾಡಿದಾಗ ಹೀಗಾಯಿತು' ಅನ್ನಿ. ನಿಮ್ಮ ಮಾತು ನಂಬಿ ಅವರು ದುಡ್ಡು ಹಾಕುತ್ತಾರೆ. ಸಂಖ್ಯಾಶಾಸ್ತ್ರದ ಸಿಗ್ನಿಫಿಕೆಂಟ್ ಅನ್ನುವ ಪದವನ್ನು 'ಮಹತ್ವದ' ಅಂತ ಕನ್ನಡಕ್ಕೆ ತಂದರೆ ಅರ್ಥವೇ ಕೆಡುತ್ತದೆ. 'ಎರಡೂ ಒಂದೇ ಆಗಿದ್ದರೆ ಇಷ್ಟು ವ್ಯತ್ಯಾಸ ಸುಮ್ನೆ ಕಾಣಿಸೋದು ಅಪರೂಪ' ಅಂದರೆ ಅರ್ಥವಾಗುತ್ತದೆ. ಆ ವ್ಯತ್ಯಾಸ ಸಂತೆಯಲ್ಲಿ ಬೆಲೆ ತರುವಷ್ಟು ದೊಡ್ಡದಾ ಅನ್ನೋದು ಬೇರೆಯೇ ಪ್ರಶ್ನೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಿ.

ಕನ್ನಡ ಪತ್ರಿಕೆಗೆ ಲೇಖನ, ಬಾನುಲಿ ಮಾತು, ಮೊಬೈಲ್ ವಿಡಿಯೋ ಇವೆಲ್ಲ ಇದೇ ಜಾತಿಗೆ ಸೇರಿದವು. ಕೃಷಿ ವಿಶ್ವವಿದ್ಯಾಲಯಕ್ಕೆ ತನ್ನದೇ ಸಮುದಾಯ ಬಾನುಲಿ ಇದೆ. ಆಕಾಶವಾಣಿ ಧಾರವಾಡ 1950ರಿಂದ ಇದೆ. ಇವುಗಳಲ್ಲಿ ಬಾನುಲಿ ನನಗೆ ಇಷ್ಟ. ಚಿತ್ರ ತೋರಿಸಲು ಆಗದ ಕಾರಣ ಮಾತು ತಾನಾಗೇ ಚೊಕ್ಕವಾಗುತ್ತದೆ. ವಿಡಿಯೋ ಮಾಡುವವರು ಕ್ಯಾಮೆರಾಗಿಂತ ಮೊದಲು ಒಂದು ಕಾಲರ್ ಮೈಕ್ ಹೊಂದಿಸಿಕೊಳ್ಳಿ. ಚಿತ್ರ ಮಂಕಾಗಿದ್ದರೂ ಜನ ನೋಡುತ್ತಾರೆ. ಗಾಳಿಯ ಸದ್ದಿನಲ್ಲಿ ಮಾತು ಮುಳುಗಿದರೆ ಮುಂದಕ್ಕೆ ಹೋಗುತ್ತಾರೆ.

ಪೇಪರ್, ಮತ್ತು ಅದಕ್ಕೂ ಮೊದಲು

ಜರ್ನಲ್ಲಿಗೆ ಪೇಪರ್ ಬರೆಯುವುದು ಇವುಗಳಿಗೆ ಬದಲಿ ಆಗುವುದಿಲ್ಲ, ಇವು ಪೇಪರಿಗೂ ಬದಲಿ ಆಗುವುದಿಲ್ಲ. ಇಲ್ಲಿ ಒಂದೆರಡು ಎಚ್ಚರ ಮಾತ್ರ ಹೇಳುತ್ತೇನೆ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ದುಡ್ಡು ಕಳಿಸಿ ಅಂತ ಬರುವ ಇಮೇಲ್ ನಂಬಬೇಡಿ. ಮೂರು ದಿನದಲ್ಲಿ ಯಾರೂ ಸರಿಯಾಗಿ ಪರಿಶೀಲಿಸಲಾರರು. ಒಪ್ಪಬಹುದಾದ ಜರ್ನಲ್ಲುಗಳು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ್ದ ಕೇರ್ ಪಟ್ಟಿಯಲ್ಲಿ ಇದ್ದೇವೆ ಅಂತ ಈಗಲೂ ಹೇಳಿಕೊಳ್ಳುವವರು ಇದ್ದಾರೆ. ಆ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಯುಜಿಸಿಯೇ ನಿಲ್ಲಿಸಿತು. ಜರ್ನಲ್ಲಿನ ಸಂಪಾದಕರು ಯಾರು, ನಿಮ್ಮ ಗೈಡ್ ಅದರ ಪೇಪರ್ ಎಂದಾದರೂ ಓದಿದ್ದಾರಾ ಅಂತ ನೋಡಿ. ನಿಮ್ಮ ಗ್ರಂಥಾಲಯದವರನ್ನು ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಗೂಡಿನ ವಿನ್ಯಾಸವೇ ಹೊಸದಾಗಿದ್ದು, ಪೇಟೆಂಟ್ ಮಾಡಿಸುವ ಯೋಚನೆ ಇದ್ದರೆ, ಪೋಸ್ಟರ್ ಹಾಕುವುದಕ್ಕೂ ಮುಂಚೆ ಗೈಡ್ ಜೊತೆ ಮಾತಾಡಿ. ಹೊರಗೆ ತೋರಿಸಿದ ಮೇಲೆ ಅದು ಹೊಸದು ಅಂತ ಹೇಳಿಕೊಳ್ಳುವುದು ಕಷ್ಟವಾಗಬಹುದು. ಈ ಮಾತನ್ನು ಅಬ್‌ಸ್ಟ್ರಾಕ್ಟ್ ಕಳಿಸುವ ಮೊದಲೇ ಆಡಿ ಮುಗಿಸಬೇಕು. ಚೌಕಕ್ಕೆ ಟಿಕ್ ಹಾಕುವುದು ಆಮೇಲೆ.